ಬಾಣಲೆಯ ನೀರು

ಮಂಡಿಚಿಪ್ಪಿನ ಪಕ್ಕದಿಂದ ಡಾಕ್ಟರು ಎಳೆದುಕೊಟ್ಟದ್ದು
ಎಂಟು ಎಂ.ಎಲ್. ಹಳದಿ, ತುಸು ಮಬ್ಬು,
ಗಂಜಿ ಬಸಿದ ಮೇಲಿನ ತಿಳಿಯಂತೆ.
ಸೂಜಿಯ ತುದಿಯಿಂದ ಒಂದು ತೊಟ್ಟು ಇಳಿಬಿಟ್ಟೆ.
ಒಳ್ಳೆಯ ಕೀಲಿನ ನೀರು ಎರಡಂಗುಲ ಎಳೆಯಾಗಿ ಇಳಿಯಬೇಕು;
ಇದು ಅರ್ಧಕ್ಕೇ ತುಂಡಾಗಿ
ಬಿತ್ತು, ಬರಿ ನಲ್ಲಿನೀರು.

"ಕಡೀತಾ?" ಅಂದರು ಮಂಚದಿಂದಲೇ ಹಮೀದಾಬಿ.
ಶಿಡ್ಲಘಟ್ಟದಲ್ಲಿ ಮೂವತ್ತೊಂದು ವರ್ಷ ರೇಷ್ಮೆ ಬಿಚ್ಚಿದ ಕಣ್ಣು.
ಎಳೆ ಕಡಿದದ್ದನ್ನು ನಾನು ಹೇಳಬೇಕಿರಲಿಲ್ಲ.

ಸೀಸೆಗೆ ನಂಬರು ಬರೆದೆ, ಹದಿನೇಳು.
ಮೃದ್ವಸ್ಥಿ ಸವೆದರೆ ಸವೆದ ಚೂರು
ಅಲ್ಲೇ ನೀರಲ್ಲಿ ತೇಲುತ್ತಿರುತ್ತದೆ,
ಕೊಲಾಜೆನ್ನಿನ ತುಣುಕು, ಕಣ್ಣಿಗೆ ಕಾಣದ್ದು.
ಎಕ್ಸ್‌ರೇ ಹೇಳುವುದು ಮನೆ ಕುಸಿದ ಮೇಲೆ.
ಉದುರುವ ಮಣ್ಣನ್ನು ಎಣಿಸುವುದು ನನ್ನ ಕೆಲಸ
ಎಂದು ವಿವರಿಸಲು ಹೋದೆ, ಅವರು ತಡೆದರು:
"ಗೂಡು ಬೇಯಿಸಿದ ನೀರು ನೋಡಿದ್ರೆ ಸಾಕಪ್ಪ,
ದಾರ ಎಷ್ಟು ಸಿಕ್ತದೆ, ಜೂಟು ಎಷ್ಟು ಹೋಗ್ತದೆ, ತಿಳಿದೋಗ್ತದೆ.
ಕೊಳ್ಳೋರು ನೋಡೋದು ಲಡಿ.
ನಾವು ನೋಡೋದು ನೀರು."

ವಾರಕ್ಕೊಂದು ದಿನ ಹಳದಿ ಮಾತ್ರೆ. ಹನ್ನೆರಡು ವಾರ.
ಚಿಂತಾಮಣಿ ಬಸ್ಸಿಳಿದು ಚಿಕ್ಕಬಳ್ಳಾಪುರದ ಬಿಸಿಲಲ್ಲಿ
ಈ ಸಲ ಆಟೋ ಬೇಡವೆಂದು ನಡೆದೇ ಬಂದರು.
ಊತ ಇಳಿದಿದೆ. ಸೂಜಿಗೆ ಸಿಕ್ಕಿದ್ದು ಎರಡೇ ಎಂ.ಎಲ್., ತಿಳಿ.
ತೊಟ್ಟು ಒಂದೂವರೆ ಅಂಗುಲ ಇಳಿದಾಗ
"ಮಾಶಾಲ್ಲಾ" ಅಂದರು, ನನಗಿಂತ ಮುಂಚೆ.

ಸಂಜೆ ಯಂತ್ರ ಕೊಟ್ಟ ಅಂಕಿ ಮೂರು ಸಲ ಓದಿದೆ.
ತುಣುಕು ಇಳಿದಿಲ್ಲ. ಮೊದಲಿಗಿಂತ
ಚೂರು ಜಾಸ್ತಿಯೇ.
ನೋವು ಎದ್ದು ಹೋಗಿದೆ, ಸವೆತ ಕೂತೇ ಇದೆ.

ಮರುವಾರ ಲಕೋಟೆ ಕೈಗಿತ್ತೆ. ಒಳಗಿನದನ್ನು ಹೇಳುವ ಹಕ್ಕು ನನಗಿಲ್ಲ,
ಡಾಕ್ಟರೇ ಹೇಳಬೇಕು, ಮಾತ್ರೆ ಬದಲಿಸಬೇಕು.
ಹಮೀದಾಬಿ ಲಕೋಟೆ ನೋಡಲಿಲ್ಲ,
ನನ್ನ ಮುಖ ನೋಡಿದರು, ಬಾಣಲೆ ನೋಡುವ ಹಾಗೆ.
"ಚರಕ ಸದ್ದಿಲ್ದೆ ತಿರುಗ್ತಾ ಇದ್ರೂ
ಒಳಗೆ ಎಳೆ ಕಡೀತಾ ಇರ್ತದೆ, ಅಲ್ವಾ?"

ನಾನು ರಿಜಿಸ್ಟರು ಮುಂದೆ ಸರಿಸಿದೆ.
ಹೆಬ್ಬೆಟ್ಟಿನ ಯಂತ್ರ ಅವರನ್ನು ಗುರುತಿಸಲಿಲ್ಲ,
ಒರೆಸಿ ಇಟ್ಟರೂ ಇಲ್ಲ, ಎಡಗೈಯದೂ ಇಲ್ಲ.
ಕುದಿನೀರಲ್ಲಿ ತುದಿ ಹುಡುಕಿ ಹುಡುಕಿ
ಬೆರಳಿನ ಗೆರೆಗಳೆಲ್ಲ ನುಣುಪು.

ಅವು ಯಾವ ನೀರಿಗೆ ಹೋದವೋ.
ಆ ಬಾಣಲೆಗಳನ್ನು
ದಿನಾ ಸಂಜೆ ಚರಂಡಿಗೆ ಚೆಲ್ಲಿದ್ದರು.