ಅಮಾನತು

‘ಮುಂದಿನ ಆದೇಶದವರೆಗೆ ಅಮಾನತಿನಲ್ಲಿಡಲಾಗಿದೆ.’
ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿ
ಬೈತಖೋಲದ ಚಾದಂಗಡಿಯಲ್ಲಿ ಕೂತೆ.
ಎದುರಿಗೆ ಏಳು ತಿಂಗಳಿಂದ ಲಂಗರೆತ್ತದ ಡಾಂಬರಿನ ಹಡಗು.
ಮಾಲೀಕ ಒಂದು ದೇಶದವನು, ಬಾವುಟ ಇನ್ನೊಂದರದು,
ಸಂಬಳ ಯಾವ ದೇಶದಿಂದಲೂ ಬಂದಿಲ್ಲ.

ತಪ್ಪು ನನ್ನದೇ.
ರವಿವಾರ ಅದರ ಎರಡನೇ ಇಂಜಿನಿಯರ್ ಮುನೀಬ್
ಬಾತ ಕೆನ್ನೆ ಹಿಡಿದು ಏಣಿಯ ಮೇಲೆ ನಿಂತಿದ್ದ.
ಸಾಹೇಬರು ಗೋವೆಯ ಮದುವೆಗೆ ಹೋಗಿದ್ದರು.
ದಡಕ್ಕಿಳಿಯುವ ಚೀಟಿಗೆ ನಾನೇ ಸಹಿ ಹಾಕಿದೆ.
ಹಲ್ಲುನೋವಿಗೆ ಮೇಲಧಿಕಾರಿ ಇರುತ್ತಾನೆಯೇ?

ಅವನ ಕಂಕುಳಲ್ಲಿ, ಟವೆಲಿನಲ್ಲಿ ಸುತ್ತಿದ ಏನೋ ಗಂಟು.

ರಿಕ್ಷಾದಲ್ಲಿ ಸಿಗರೇಟಿನ ಪೊಟ್ಟಣ ತೋರಿಸಿದ:
ಒಂದೇ ಎಚ್ಚರಿಕೆ, ಮೂರು ಸಲ.
ಮೂರು ಭಾಷೆ, ಸರಕಾರದ ಲೆಕ್ಕದಲ್ಲಿ.
ಎರಡು ಸಾಲು ಕೂದಲೆಳೆಯೂ ಬೇರೆಯಿಲ್ಲ,
ಮೂರನೆಯದಕ್ಕೆ ಲಿಪಿ ಮಾತ್ರ ಬದಲು.
‘ಒಂದೊಂದು ಭಾಷೆಯಲ್ಲಿ ಒಂದೊಂದು ಸಲ ಸಾಯಬೇಕು ನಾವು’
ಎಂದು ನಕ್ಕು, ನೋವಿಗೆ ಮುಖ ಕಿವುಚಿದ.
ನಾನಂದೆ: ನಮ್ಮ ಆಯಿ ಕೊಂಕಣಿಯನ್ನು ಕನ್ನಡದಲ್ಲಿ ಬರೆಯುತ್ತಾಳೆ,
ಸದಾಶಿವಗಡದ ಮಾವ ನಾಗರಿಯಲ್ಲಿ,
ಇಗರ್ಜಿಯ ಪಾದ್ರಿ ರೋಮಿಯಲ್ಲಿ,
ಈಗ ಹೋಗುತ್ತಿದ್ದೇವಲ್ಲ, ಭಟ್ಕಳದ ದಾಮೂದಿ ಡಾಕ್ಟರು,
ಅವರ ಮನೆಯಲ್ಲಿ ಅದರದೇ ದಾಯಾದಿ ಮಾತು
ಬಲದಿಂದ ಎಡಕ್ಕೆ ನಡೆಯುತ್ತದೆ.
ಬಂಗಡೆಯ ದರ ಮಾತ್ರ ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ.

ಅವನ ಊರು ದ್ರಿನಾ ದಂಡೆಯ ಫೋಚಾ.
ಯುದ್ಧದಲ್ಲಿ ಆ ಹೆಸರನ್ನೂ ಕಿತ್ತು
ಬೇರೊಂದು ಬರೆದ ಹಲಗೆ ನೆಟ್ಟರಂತೆ, ಹನ್ನೆರಡು ವರ್ಷ.
ಬಸ್ಸು ಅಲ್ಲಿಗೇ ಹೋಗುತ್ತಿತ್ತು.
ನಾವು ಹತ್ತಲಿಲ್ಲ, ಅಂದ. ಇನ್ನೇನೂ ಅನ್ನಲಿಲ್ಲ.
ಕಾಜುಬಾಗದ ತಿರುವಿನಲ್ಲಿ ರಿಕ್ಷಾ ಕುಲುಕಿತು.

ಹಲ್ಲು ಕಿತ್ತು, ಬಾಯಿ ತುಂಬ ಹತ್ತಿ.
ಆಗ ಗಂಟು ಬಿಚ್ಚಿದ: ಕಾಫಿ ಬೀಸುವ ಹಿತ್ತಾಳೆಯ ಗಿರಣಿ,
ಗೇಣುದ್ದ, ಹಿಡಿಕೆ ಮಡಚುವಂಥದು,
ಮೈಮೇಲೆ ಒಂದು ಸಾಲು ಕೊರೆದ ಬರಹ.
ಔಷಧಿ ಚೀಟಿಯ ಹಿಂದೆ ಬರೆದು ತೋರಿಸಿದ:
ಮುತ್ತಜ್ಜಿಯದು. ಓದಲು ನನಗೆ ಬಾರದು, ಅಪ್ಪನಿಗೂ ಬಾರದಿತ್ತು.
ಅವರ ಮಾತನ್ನು ಅರಬ್ಬಿ ಅಕ್ಷರದಲ್ಲಿ ಬರೆಯುತ್ತಿದ್ದ ಕಾಲ
ಅವಳೊಂದಿಗೇ ಮಣ್ಣಿಗೆ ಹೋಗಿತ್ತು.

ಡಾಕ್ಟರು ಕನ್ನಡಕ ಹಣೆಗೇರಿಸಿದರು.
ಅಕ್ಷರ ನಮ್ಮವೇ, ಎರಡು ಮಾತ್ರ ಅಪರಿಚಿತ,
ಅರ್ಥ ದೇವರಿಗೇ ಗೊತ್ತು, ಎನ್ನುತ್ತ
ಮದರಸಾದ ಹುಡುಗನ ಹಾಗೆ ತಡವರಿಸಿ ಕೂಡಿಸಿದರು:
‘ಓ…ವೊ ಯೆ… ಹಾ…ತಿ…ಜಿನೊ. ವಿರಾ… ವ್ರಾತಿ.’

ಅರ್ಥವಾಗದವನ ಬಾಯಲ್ಲಿ ಶಬ್ದ,
ಅರ್ಥವಾದವನ ಬಾಯಲ್ಲಿ ಹತ್ತಿ.
ಮುನೀಬ್ ಕುರ್ಚಿಯ ಕೈ ಬಿಗಿಹಿಡಿದ,
ಹಲ್ಲು ಕೀಳುವಾಗಲೂ ಹಾಗೆ ಹಿಡಿದಿರಲಿಲ್ಲ.
ಉಗುಳಲೆಂದು ಡಾಕ್ಟರು ಬಟ್ಟಲು ಮುಂದೆ ಮಾಡಿದರು.
ಉಗುಳಲಿಲ್ಲ.

ಆಮೇಲೆ ಅದೇ ಚೀಟಿಯಲ್ಲಿ ಅರ್ಥ:
‘ಇದು ಹಾತಿಜಾಳದು. ತಿರುಗಿ ಕೊಡು.’
ಅಷ್ಟೇ. ನಾವು ಏನೋ ಪ್ರಾರ್ಥನೆಯೆಂದುಕೊಂಡಿದ್ದೆವು.
ಕೇರಿಯವರು ಒಯ್ದು ಮರಳಿಸದ ಸಿಟ್ಟು!
ನಮ್ಮ ಮನೆಯ ಪ್ರತಿ ತಪ್ಪಲೆಯ ಅಂಚಿಗೂ
ಆಯಿ ಹೆಸರು ಕೊರೆಸಿದ್ದು ಮತ್ತೇತಕ್ಕೆ?
‘ಖತೀಜಾ,’ ಎಂದರು ಡಾಕ್ಟರು, ‘ನನ್ನ ಅಜ್ಜಿಯೂ.’

ಹಡಗು ಹರಾಜಾದರೆ ಇದೂ ಜಪ್ತಿಗೆ ಸೇರುತ್ತದೆಂದು
ಗಿರಣಿಯನ್ನು ನನ್ನ ಕೈಗಿಟ್ಟ.
ಹತ್ತಿಯ ಸಂದಿಯಿಂದ ಒಂದೇ ಪದ: ‘ಅಮಾನೆತ್.’
ಒಬ್ಬರು ನಂಬಿ ಬಿಟ್ಟುಹೋದದ್ದು, ಹಾಗೇ ಕಾಯಬೇಕಾದ್ದು.
ಮಂಗಳವಾರ ಅದೇ ಪದ ಕಚೇರಿಯ ಲಕೋಟೆಯಲ್ಲಿ ಬಂತು,
ಅರ್ಧ ಸಂಬಳದೊಂದಿಗೆ.

ಮಳೆಗಾಲಕ್ಕೆ ಮುಂಚೆ ಅವರನ್ನೆಲ್ಲ ವಿಮಾನ ಹತ್ತಿಸಿದರು.
ಹಡಗನ್ನು ಗುಜರಿಗೆ ಎಳೆದೊಯ್ದರು.
ಶ್ರಾವಣದಲ್ಲಿ ಇನ್ನೊಂದು ಕಾಗದ: ಅಮಾನತು ರದ್ದು.
ನನ್ನದು.
ಗಿರಣಿ ದೇವರ ಗೂಡಿನ ಪಕ್ಕ, ಹಾಗೇ.
ಮೆಣಸು ಬೀಸಲೇ ಎಂದೆ ಒಮ್ಮೆ; ಆಯಿ ಕಣ್ಣು ಬಿಟ್ಟಳು.
ಉಪ್ಪುಗಾಳಿಗೆ ಹಿತ್ತಾಳೆ ಹಸಿರು ಹಿಡಿದಾಗೆಲ್ಲ
ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾಳೆ,
ಆ ಒಂದು ಸಾಲಿಗೆ ಬಂದಾಗ ಬೆರಳ ತುದಿಯಿಂದ,
ಮೆಲ್ಲಗೆ.