ಮೇಸ್ತ್ರಿ ಮಗಳ ಪದಪಟ್ಟಿ

ಸಾಲಗಾಮೆ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ
ಎಂಟು ಪುಟಕ್ಕೆ ಹದಿನಾರು ರೂಪಾಯಿ ಕೊಟ್ಟು ತಂದ ಅರ್ಜಿ.
ಹೆಸರು ಜಪಮಾಲಾ, ತಂದೆ ಇನ್ನಾಸಪ್ಪ:
ಅಷ್ಟು ಬರೆದದ್ದಾಯಿತು.
ಹೇಮಗಂಗೋತ್ರಿಯ ಎಂಎಸ್ಸಿಯನ್ನು
ಅಲ್ಲಿ ಯಾವ ಹೆಸರಿನಿಂದ ಕೂಗುತ್ತಾರೋ ತಿಳಿಯದೆ
ನೋಟ್‌ಬುಕ್ಕಿನ ಹಿಂದಿನ ಹಾಳೆಯಿಂದ ಪಟ್ಟಿ ಶುರುಮಾಡಿದೆ.

ಲಿಸೆನ್ಸಿಯತೂರಾ: ಮೊದಲ ಪದವಿ.
‘ಲೈಸೆನ್ಸಾ?’ ಎಂದ ಅಪ್ಪ, ಕಾಲಿನ ಸಿಮೆಂಟು ಉಜ್ಜುತ್ತ,
‘ಅದಕ್ಕೆ ನಗರಸಭೆಗೇ ಅಲೀಬೇಕು.’
ಪೊಸ್‌ಗ್ರಾದೊ: ಪದವಿಯಾದ ಮೇಲಿನದೆಲ್ಲ;
ಒಂದೇ ಗೋದಾಮು, ಒಳಗೆ ಹಲವು ಮೂಟೆ.
ಮಾಸ್ತೆರ್: ಸ್ಪೇನಿನಲ್ಲಿ ಹೀಗೆ.
ಕಡಲು ದಾಟಿ ಮೆಕ್ಸಿಕೊಗೆ ಬಂದರೆ ಅದೇ
ಮಾಯೆಸ್ತ್ರೀಯಾ.
ಬಾಯಿಬಿಟ್ಟು ಎರಡು ಸಲ ಓದಿದೆ.

‘ಮೇಸ್ತ್ರಿನಾ?’
ಸೋಪು ಕೈಯಿಂದ ಜಾರಿತು.
ಎರಡು ವರ್ಷ ಓದಿದರೆ ಸಿಗುತ್ತಪ್ಪಾ ಎಂದೆ.
‘ಎರಡೇ?’
ಅವನಿಗೆ ಹನ್ನೊಂದು ಹಿಡಿದಿತ್ತು:
ಬಾಣಲಿ ಹೊತ್ತಿದ್ದು ನಾಲ್ಕು, ಗಾರೆ ಕಲಸಿದ್ದು ಮೂರು,
ಮಿಕ್ಕಿದ್ದು ದೊಡ್ಡ ಮೇಸ್ತ್ರಿ ಚಿನ್ನಪ್ಪನ ಹಿಂದೆ
ತೂಗುಗುಂಡು ಹಿಡಿದು, ಉಸಿರು ಹಿಡಿದು.
ಅವನು ಸತ್ತ ವಾರ ಅವನ ಕರಣೆ ಇವನ ಕೈಗೆ ಬಂತು.
ಮಾರನೆಯ ದಿನದಿಂದ ಜನ ಮೇಸ್ತ್ರಿ ಅಂದರು.
ಘಟಿಕೋತ್ಸವ ಅಷ್ಟೇ.

ಗೊತ್ತಿದ್ದಷ್ಟು ಹೇಳಿದೆ:
ನಿನ್ನ ಮಾತೂ ಆ ಕಡೆಯದೇ ಅಪ್ಪಾ,
ಪೋರ್ಚುಗೀಸರ ಹಡಗಿನಿಂದ ಇಳಿದು
ಘಟ್ಟ ಹತ್ತಿ, ನಮ್ಮ ಇಟ್ಟಿಗೆ ಗೂಡಿನವರೆಗೆ ನಡೆದು ಬಂದದ್ದು.
ಅಪ್ಪ ನಂಬಲಿಲ್ಲ.
‘ಮೇಸ್ತ್ರಿ ನಮ್ಮ ಮಾತು ಕಣೇ.’

ಬೇಕಾ: ವಿದ್ಯಾರ್ಥಿವೇತನ.
ಬರೆದು ಸುಮ್ಮನೆ ಕೂತೆ.
ದುಡ್ಡು ಕೊಡುವ ಮುಂಚೆ ಒಂದು ಭಾಷೆ
ಹೀಗೆ ಮುಖಕ್ಕೇ ಕೇಳಿಬಿಟ್ಟರೆ
ಏನನ್ನುವುದು?
ಒಳಗೆ ಅಮ್ಮ, ತಮ್ಮನಿಗೆ ಮುದ್ದೆ ಬಡಿಸುತ್ತ
‘ಇನ್ನರ್ಧ ಬೇಕಾ?’ ಅನ್ನುತ್ತಿದ್ದಾಳೆ.
ಅವನು ಬಾಯ್ತುಂಬ ಏನೋ ಅಂದ.

ದೊಕ್ತೊರಾದೊ ಇವತ್ತಿಗೆ ಬಿಟ್ಟೆ.
ಕೊನೆಯ ಪುಟದಲ್ಲಿ ತಂದೆಯ ಕಸುಬಿನ ಕಲಂ.
ನಿಘಂಟಿನಲ್ಲಿದೆ: ಅಲ್ಬಾನ್ಯೀಲ್, ಗೋಡೆ ಕಟ್ಟುವವ.
ಸರಿಯಾದ ಪದವೇ ಇರಬೇಕು.
ಪೆನ್ನು ಮುಚ್ಚಿ ಅಪ್ಪನತ್ತ ನೋಡಿದೆ:
ಹಿತ್ತಿಲ ಗಿಡ್ಡ ಗೋಡೆಯ ಮೇಲೆ ರಸಮಟ್ಟ ಇಟ್ಟು,
ತಾನೇ ಕಟ್ಟಿ ಇಪ್ಪತ್ತು ವರ್ಷವಾದ ಗೋಡೆ,
ಗುಳ್ಳೆ ನಡುವಿಗೆ ಬರುತ್ತದೋ ಎಂದು
ಬಗ್ಗಿ ಕಾಯುತ್ತಿದ್ದಾನೆ.