ಇಸ್ತ್ರಿ ಗಾಡಿಯ ಕೆಳಗೆ

ಎಂಸಿಸಿ ಬಿ ಬ್ಲಾಕಿನ ಎರಡನೇ ತಿರುವಿನಾಗೆ
ಹೊಂಗೆ ಮರ, ಮರದ ಕೆಳಗೆ ನನ್ನ ಗಾಡಿ,
ಗಾಡಿ ಕೆಳಗೆ ಗಂಜಿ.

ಕಾಟನ್ ಸೀರೆಗೆ ಹಾಕಿ ಉಳಿದ ಗಂಜಿ
ನೆಕ್ಕಿ ನೆಕ್ಕಿ ಬೆಳೆದದ್ದಕ್ಕೆ ಆ ಹೆಸರು.
ಯಾರದೂ ಅಲ್ಲ. ನಂದೂ ಅಲ್ಲ.
ಬೂದಿ ಚೆಲ್ಲೋ ಮುಂಚೆ ಮಾತ್ರ
ಎಲ್ಲಿ ಮಲಗೈತಿ ಅಂತ ಬಗ್ಗಿ ನೋಡ್ತೀನಿ.

ಯುಗಾದಿ ಕಳೀತಿದ್ದಂಗೆ ಅದು
ಗಾಲಿ ಪಕ್ಕದ ಮಣ್ಣು ಕೆರೆಯೋಕೆ ಶುರು.
ಮೇಲಿನ ಬಿಸಿ ಪದರ ತೆಗೆದು, ಒಂದು ಗೇಣು ಇಳಿದು,
ತಂಪು ಸಿಕ್ಕಲ್ಲಿ ಹೊಟ್ಟೆ ಊರಿ ಮಲಗ್ತೈತಿ.
ಬಟ್ಟೆಗೆ ಚಿಮುಕಿಸೋ ನೀರಲ್ಲಿ
ನಾಲ್ಕು ಹನಿ ಆ ಗುಂಡಿಗೂ.
ನಲ್ಲಿ ಬರೋದು ವಾರಕ್ಕೊಂದು ಸಲ, ಆದ್ರೂ
ಬಾಯಿ ಒಡೆದ ಮಣ್ಣಿನ ಕುಡಿಕೆ ತುಂಬಿಡ್ತೀನಿ.
ಸ್ಟೀಲ್ ಬಟ್ಟಲು ಹತ್ತು ಗಂಟೆಗೇ ಕಾಯ್ತೈತಿ.

ಬಿಸಿಯ ಲೆಕ್ಕ ನನ್ನ ಹೊಟ್ಟೆಪಾಡು.
ಹತ್ತಿಗೆ ಎಷ್ಟು, ಟೆರಿಕಾಟಿಗೆ ಎಷ್ಟು,
ರೇಷ್ಮೆಗೆ ಮೇಲೊಂದು ಬಟ್ಟೆ ಹಾಸಿ ಎಷ್ಟು.
ಪೆಟ್ಟಿಗೆ ಹತ್ರ ಅಂಗೈ ಮಗುಚಿ ಹಿಡಿದ್ರೆ
ಕೈಮೇಲಿನ ಕೂದಲೇ ಹೇಳ್ತಾವೆ.

ಡಾಕ್ಟರ ಮನೆ ನಾಯಿ, ಸ್ನೋಯಿ ಅಂತ,
ಹಿಮದ ದೇಶದ ಜಾತಿಯಂತೆ, ನೀಲಿ ಕಣ್ಣು.
ತಿರುಗಾಡಿಸೋದು ಕೆಲಸದ ಹುಡುಗ ಕೊಟ್ರೇಶಿ.
ಪಾತ್ರೆ ತೊಳೆದು, ಕಾರು ಒರೆಸಿ, ಸಂತೆಗೆ ಹೋಗಿ ಬಂದು
ಅವನಿಗೆ ಬಿಡುವಾಗೋದೇ ಮಧ್ಯಾಹ್ನ ಒಂದಕ್ಕೆ.
ಚೈತ್ರದಾಗೆ, ದಾವಣಗೆರೆಯಾಗೆ, ಒಂದಕ್ಕೆ.

ಕರೆದು ಹೇಳಿದ್ದೆ:
ಕೂತ್ಕೋ. ಅಂಗೈ ಮಗುಚಿ ಟಾರಿಗೆ ಇಡು. ಐದು ಎಣಿಸು.
ಮೂರಕ್ಕೇ ಕಿತ್ಕೊಂಡ.
"ರಸ್ತೆ ಹತ್ತಿ ಬಟ್ಟೆ ಶಾಖಕ್ಕೆ ಬಂದೈತಿ,
ಅದರ ಪಾದ ರೇಷ್ಮೆ ಕಣೋ."
"ಅಮ್ಮಾರು ಕೇಳಬೇಕಲ್ಲ" ಅಂದ.
ಅಮ್ಮಾರು ತಂಪಾಗ್ಲಿ ಅಂತ ಅದರ ಮೈ ಬೋಳಿಸಿದ್ರು;
ಕೆಂಪು ಚರ್ಮ, ಬಿಸಿಲಿಗೆ ಹಪ್ಪಳ ಹರವಿದಂಗೆ.
ಆ ಕೂದಲು ಸ್ವೆಟರ್ ಅಲ್ರೀ, ಕೊಡೆ.
ಯಾರಿಗೆ ಹೇಳಲಿ,
ಗಂಟು ಬಿಚ್ಚಿ ಬಟ್ಟೆ ಎಣಿಸ್ತಾ ನಿಂತೋಳು?

ಶನಿವಾರ ಬಿತ್ತು, ಗಾಡಿಗೆ ಹತ್ತು ಮಾರು ದೂರ.
ನಾಲಿಗೆ ನೇರಳೆ ಹಣ್ಣು ತಿಂದಂಗೆ,
ಸೀರೆಗೆ ಹಾಕೋ ಗಂಜಿಯಂಥ ಅಂಟು ಜೊಲ್ಲು.
ಕೊಟ್ರೇಶಿ ಅಳ್ತಾ ಹಗ್ಗ ಎಳೀತಿದ್ದ.
ಎಳೀಬ್ಯಾಡೋ, ಎತ್ತು!
ಎತ್ತಿ ಎಲ್ಲಿಡೋದು? ನೆರಳು ಇದ್ದದ್ದೊಂದೇ.

ಗಂಜಿ ಎದ್ದಿತು. ಗುರ್ ಅನ್ನಲಿಲ್ಲ.
ಗುಂಡಿ ಬಿಟ್ಟು, ಗಾಲಿಯಾಚೆ ಬಿಸಿಲಿಗೆ ಹೋಗಿ ನಿಂತಿತು.

ಕೈಗೆ ಸಿಕ್ಕದ್ದು ಅವರದೇ ಗಂಟು,
ಮೇಲಿದ್ದದ್ದು ಬಿಳೀ ಚಾದರ. ಬಕೇಟಿಗೆ ಅದ್ದಿದೆ.
ಜ್ಯೂಸ್ ಅಂಗಡಿ ಮುನೀರ ಕೇಳದೇನೇ
ಎರಡು ಕೊಡ ನೀರು ತಂದಿಟ್ಟ.
ಹೊಟ್ಟೆ, ತೊಡೆಸಂದಿ, ಕಂಕುಳು, ನಾಲ್ಕೂ ಪಾದ.
ಗಳಿಗೆಗೆ ಚಾದರ ಬಿಸಿ, ಈಗಷ್ಟೇ ಇಸ್ತ್ರಿ ಮಾಡಿದಂಗೆ;
ತೆಗೆದು, ಅದ್ದಿ, ಹಿಂಡದೆ, ಮತ್ತೆ.
ಕೆಂಡ ಎಬ್ಬಿಸೋ ರಟ್ಟಿನಿಂದಲೇ
ಕೆಂಡ ಆರಿಸ್ತಿದ್ದೆ.

ಬಾಲ ಒಂದು ಸಲ ಅಲ್ಲಾಡ್ತು.
ಆಮೇಲೆ ಆಟೋ, ದನದ ಆಸ್ಪತ್ರೆ, ಸಲೈನು;
ಡಾಕ್ಟರ ಕಾರು ಗಾಜು ಏರಿಸ್ಕೊಂಡು ಹಿಂದೇನೆ.

ಚಾದರ ತೊಳೆದು, ಇಸ್ತ್ರಿ ಮಾಡಿ, ಮಡಚಿ ಕಳಿಸಿದೆ.
ತಿರುಗಿ ಬಂತು. ನಾಯಿ ವಾಸನೆಯಂತೆ.
ಅವರದೇ ನಾಯಿದು.

ಈಗ ಕೊಟ್ರೇಶಿ ಬೆಳಿಗ್ಗೆ ಐದೂವರೆಗೆ ಬರ್ತಾನೆ.
ತಣ್ಣಗಿರೋ ರಸ್ತೆಗೆ ಅಂಗೈ ಮಗುಚಿ ಇಟ್ಟು
ಇಪ್ಪತ್ತರ ತನಕ ಎಣಿಸ್ತಾನೆ,
ಐದು ಸಾಕೋ ಅಂದ್ರೂ.
ಸ್ನೋಯಿ ಕಾಯ್ತಾ ನಿಲ್ತೈತಿ,
ಬೋಳು ಮೈಮೇಲೆ ಸಜ್ಜೆಯಂಥ ಕೂದಲು ಮೂಡ್ಯಾವು.

ಚಾದರ ನೆನೆಸಿ ಗಂಜಿಗೆ ಹಾಸಿ ನೋಡಿದೆ.
ಮೂಸಿತು, ಒಂದು ಸುತ್ತು ಬಂತು,
ಪಕ್ಕದ ತನ್ನ ಗುಂಡಿಗೇ ಇಳೀತು.

ಬಿಡು ಅಂತ
ಚಪ್ಪಲಿ ಕಳಚಿ ಅದರ ಮೇಲೆ ನಾನೇ ನಿಂತೆ.
ಅಯ್ಯೋ, ಎಷ್ಟು ತಂಪು.
ಪೆಟ್ಟಿಗೆ ಎತ್ತಿದೆ.
ಇನ್ನೂ ಇಪ್ಪತ್ತೆರಡು ಅಂಗಿ.